ಕ್ಯಾನ್ಸರ್: ಯಾವ ವೈದ್ಯರನ್ನು ಯಾವಾಗ ಕಾಣಬೇಕು?

ಸ್ತನದಲ್ಲಿ ಸಣ್ಣದೊಂದು ಗಂಟು ಕೈಗೆ ಸಿಗುತ್ತದೆ. ನೋವಿಲ್ಲ. ರಮಝಾನ್ ಕಳೆಯಲಿ, ಮಗಳ ಮದುವೆ ಮುಗಿಯಲಿ ಎಂದು ದಿನ ದೂಡುವ ಸಹೋದರಿಯರು ನಮ್ಮಲ್ಲಿದ್ದಾರೆ. ಪತಿಯೊಡನೆ ಹೇಳಲೂ ನಾಚಿಕೆ. ಆದರೆ ಸ್ತನ ಕ್ಯಾನ್ಸರ್‌ನ ಗಂಟು ಆರಂಭದಲ್ಲಿ ಸಾಮಾನ್ಯವಾಗಿ ನೋಯುವುದೇ ಇಲ್ಲ. ಬೇಗ ಪತ್ತೆಯಾದರೆ ಗುಣವಾಗುವ ಸಾಧ್ಯತೆ ಹೆಚ್ಚು.

ಹೆಚ್ಚಿನ ಗಂಟುಗಳು ಕ್ಯಾನ್ಸರ್ ಆಗಿರುವುದಿಲ್ಲ. ಅದನ್ನು ಪರೀಕ್ಷೆಯಿಂದಲೇ ತಿಳಿಯಬೇಕು. ಮೊದಲು ಊರಿನ ವೈದ್ಯೆಯನ್ನೋ ಸ್ತ್ರೀರೋಗ ತಜ್ಞೆಯನ್ನೋ ಕಾಣಿರಿ. ವೈದ್ಯೆ ಸಿಗದಿದ್ದರೆ ಅಗತ್ಯವಿರುವಷ್ಟು ಮಟ್ಟಿಗೆ ಪುರುಷ ವೈದ್ಯರಿಂದ ಪರೀಕ್ಷೆ ಮಾಡಿಸಿಕೊಳ್ಳಲು ಶರೀಅತ್ ಅನುಮತಿಸುತ್ತದೆ. ನರ್ಸ್ ಅಥವಾ ಮನೆಯವರು ಜೊತೆಗಿರಲಿ.

ಸ್ಕ್ಯಾನಿಂಗ್, ಮ್ಯಾಮೊಗ್ರಾಂ ನಂತರವೂ ಸಂಶಯ ಉಳಿದರೆ ಬಯಾಪ್ಸಿ ಮಾಡುತ್ತಾರೆ. ಸೂಜಿಯಿಂದ ಗಂಟಿನ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವವರು ಪೆಥಾಲಜಿಸ್ಟ್. ರೋಗಿ ಅವರ ಮುಖವನ್ನೇ ನೋಡಿರುವುದಿಲ್ಲ, ಆದರೂ ಮುಂದಿನ ಚಿಕಿತ್ಸೆಯೆಲ್ಲ ಅವರ ವರದಿಯನ್ನೇ ಅವಲಂಬಿಸಿದೆ. ಸೂಜಿ ತಾಗಿದರೆ ಕ್ಯಾನ್ಸರ್ ಹರಡುತ್ತದೆಂಬ ಭಯಕ್ಕೆ ಆಧಾರವಿಲ್ಲ.

ಕ್ಯಾನ್ಸರ್ ಎಂದು ಖಚಿತವಾದರೆ ಮೂರು ಬಗೆಯ ತಜ್ಞರು ಬೇಕಾಗುತ್ತಾರೆ. ಆಪರೇಶನ್ ಮಾಡಿ ಗಡ್ಡೆ ತೆಗೆಯುವವರು ಸರ್ಜಿಕಲ್ ಆಂಕಾಲಜಿಸ್ಟ್. ಕಿಮೊಥೆರಪಿ, ಹಾರ್ಮೋನ್ ಮಾತ್ರೆಗಳಂತಹ ಔಷಧಗಳಿಂದ ಚಿಕಿತ್ಸೆ ನೀಡುವವರು ಮೆಡಿಕಲ್ ಆಂಕಾಲಜಿಸ್ಟ್. ಕಿರಣಗಳ ಮೂಲಕ ಚಿಕಿತ್ಸೆ ಕೊಡುವವರು ರೇಡಿಯೇಶನ್ ಆಂಕಾಲಜಿಸ್ಟ್. ಕೆಲವರಿಗೆ ಮೊದಲು ಆಪರೇಶನ್. ಇನ್ನು ಕೆಲವರಿಗೆ ಕಿಮೊ ಕೊಟ್ಟು ಗಡ್ಡೆಯನ್ನು ಕುಗ್ಗಿಸಿದ ಬಳಿಕ ಆಪರೇಶನ್. ರೋಗದ ಆರಂಭದಲ್ಲಿ ಬಂದವರಲ್ಲಿ ಅನೇಕರಿಗೆ ಸ್ತನವನ್ನು ಪೂರ್ತಿ ತೆಗೆಯಬೇಕಾಗಿಲ್ಲ, ಗಡ್ಡೆಯನ್ನಷ್ಟೇ ತೆಗೆದು ರೇಡಿಯೇಶನ್ ಕೊಡುತ್ತಾರೆ.

ಆದ್ದರಿಂದ ಬಯಾಪ್ಸಿಗೆ ಮೊದಲೇ "ಕೊಯ್ದು ತೆಗೆಸಿಬಿಡೋಣ" ಎಂದು ಅವಸರಪಡಬೇಡಿ. ಮೂವರು ತಜ್ಞರೂ ಸೇರಿ ಚರ್ಚಿಸಿದ್ದಾರೆಯೇ ಎಂದು ಧೈರ್ಯವಾಗಿ ಕೇಳಿರಿ.

ಖರ್ಚಿನ ಚಿಂತೆಯಿಂದ ಹಿಂಜರಿಯುವವರು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯನ್ನು ನೆನಪಿಡಬೇಕು. ಸ್ವಾತಂತ್ರ್ಯ ಹೋರಾಟಗಾರ, ನೆಹರೂ ಸಂಪುಟದ ಸಚಿವ ರಫೀ ಅಹ್ಮದ್ ಕಿದ್ವಾಯಿಯವರ ಹೆಸರಿನಲ್ಲಿ 1973ರಲ್ಲಿ ಆರಂಭವಾದ ಈ ಸರಕಾರಿ ಸಂಸ್ಥೆಯಲ್ಲಿ ಮೂರೂ ವಿಭಾಗಗಳಿವೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ನೆರವಿದ್ದು, ಕ್ಯಾನ್ಸರ್ ಕೂಡಾ ಅದರಲ್ಲಿ ಸೇರಿದೆ. ರೇಷನ್ ಕಾರ್ಡ್, ಆಧಾರ್ ಮತ್ತು ಎಲ್ಲ ವರದಿಗಳನ್ನು ಒಂದೇ ಫೈಲಿನಲ್ಲಿಟ್ಟು ಕೊಂಡೊಯ್ಯಿರಿ.

ಕಿಮೊ ಆರಂಭವಾದ ಮೇಲೆ ಕೂದಲು ಉದುರಬಹುದು, ವಾಕರಿಕೆ, ಸುಸ್ತು ಕಾಡಬಹುದು. ಚಿಕಿತ್ಸೆ ಮುಗಿದ ಬಳಿಕ ಕೂದಲು ಮತ್ತೆ ಬರುತ್ತದೆ. ಆ ತಿಂಗಳುಗಳಲ್ಲಿ ಅಡುಗೆಮನೆಯ ಹೊಣೆಯನ್ನು ಪತಿ, ಮಕ್ಕಳು ಹಂಚಿಕೊಳ್ಳಲಿ. ಅರ್ಧದಲ್ಲೇ ಚಿಕಿತ್ಸೆ ಬಿಡದಂತೆ ನೋಡಿಕೊಳ್ಳುವುದು ಮನೆಯವರೆಲ್ಲರ ಜವಾಬ್ದಾರಿ.