ಸ್ಲೋ ಕುಕ್ಕರ್‌ಗೆ ಹಾಕಿದರೆ ರಾಜ್ಮಾ ಕುದಿಸಬೇಕಿಲ್ಲವೇ?

‘ರಾತ್ರಿ ಸ್ಲೋ ಕುಕ್ಕರ್‌ಗೆ ಹಾಕಿ ಮಲಗಿ, ಯಾವ ಕಾಳಾದರೂ ಬೆಳಿಗ್ಗೆ ಬೆಂದಿರುತ್ತದೆ’ ಎಂಬ ಸಲಹೆ ಅರ್ಧ ಮಾತ್ರ ಸರಿ. ಕಲಬುರಗಿಯ ತೊಗರಿ ಬೇಳೆಗೆ ಇದು ನಡೆಯುತ್ತದೆ, ರಾಜ್ಮಾಗೆ ನಡೆಯುವುದಿಲ್ಲ.

ಯಾಕೆ?

ಹಸಿ ರಾಜ್ಮಾದಲ್ಲಿ ಫೈಟೊಹೀಮಗ್ಲುಟಿನಿನ್ ಎಂಬ ಸಹಜ ವಿಷಾಂಶವಿದೆ. ನಾಲ್ಕೈದು ಹಸಿ ಕಾಳು ತಿಂದರೂ ಕೆಲವೇ ಗಂಟೆಗಳಲ್ಲಿ ವಾಂತಿ, ನಂತರ ಭೇದಿ ಶುರುವಾಗಬಹುದು. ನೀರು ಚೆನ್ನಾಗಿ ಕುದಿದರೆ ಈ ವಿಷಾಂಶ ನಾಶವಾಗುತ್ತದೆ. ಆದರೆ ಸ್ಲೋ ಕುಕ್ಕರ್‌ನಲ್ಲಿ ಅಡುಗೆಯ ಒಳಭಾಗ ಎಷ್ಟೋ ಬಾರಿ 75 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಎಚ್ಚರಿಸಿದೆ. ಇನ್ನೂ ಅಚ್ಚರಿಯೆಂದರೆ, 80 ಡಿಗ್ರಿಯಷ್ಟೇ ಬಿಸಿಯಾದ ಕಾಳು ಹಸಿ ಕಾಳಿಗಿಂತ ಐದು ಪಟ್ಟು ಹೆಚ್ಚು ವಿಷಕಾರಿಯಾಗಬಹುದು. ಕಾಳು ಮೆತ್ತಗಾಗಿದೆ ಎಂದ ಮಾತ್ರಕ್ಕೆ ಸುರಕ್ಷಿತ ಎಂದಲ್ಲ.

ಹಾಗಾದರೆ ಏನು ಮಾಡಬೇಕು?

ರಾಜ್ಮಾವನ್ನು ಕನಿಷ್ಠ 5 ಗಂಟೆ ನೆನೆಸಿ. ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ 30 ನಿಮಿಷ ಕುದಿಸಿ. ಆಮೇಲೆ ಸ್ಲೋ ಕುಕ್ಕರ್‌ಗೆ ಹಾಕಿ. ನೆನೆಸಿದ ಕಾಳನ್ನು ಪ್ರೆಷರ್ ಕುಕ್ಕರ್‌ನಲ್ಲಿ ಪೂರ್ತಿ ಬೇಯಿಸಿದರೂ ಆಯಿತು, ಅಲ್ಲಿನ ಶಾಖ 100 ಡಿಗ್ರಿ ಮೀರುತ್ತದೆ.

ನಡುವೆ ಕರೆಂಟ್ ಹೋದರೆ?

5ರಿಂದ 60 ಡಿಗ್ರಿ ನಡುವೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಕಲಬುರಗಿ, ಕಮಲಾಪುರದ ಬೇಸಿಗೆಯಲ್ಲಿ ಹೊರಗಿನ ಬಿಸಿಲೇ 40 ಡಿಗ್ರಿ ದಾಟುವುದರಿಂದ, ತಣಿಯುತ್ತಿರುವ ಅಡುಗೆ ಈ ಅಪಾಯದ ಹಂತದಲ್ಲೇ ಉಳಿಯುತ್ತದೆ. ನೀವು ಎಚ್ಚರವಿದ್ದರೆ ತಕ್ಷಣ ಗ್ಯಾಸ್ ಮೇಲಿಟ್ಟು ಬೇಯಿಸಿ ಮುಗಿಸಿ. ಮನೆಯಲ್ಲಿ ಇಲ್ಲದಾಗ ಕರೆಂಟ್ ಎಷ್ಟು ಹೊತ್ತು ಹೋಗಿತ್ತೋ ತಿಳಿಯದಿದ್ದರೆ, ನೋಡಲು ಚೆನ್ನಾಗಿದ್ದರೂ ಚೆಲ್ಲಿ. ಕೆಲವು ಬ್ಯಾಕ್ಟೀರಿಯಾ ಬಿಡುವ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಆದ್ದರಿಂದ ಪದೇ ಪದೇ ಕರೆಂಟ್ ಹೋಗುವ ಕಡೆ, ಮನೆಯಲ್ಲಿ ಯಾರಾದರೂ ಎಚ್ಚರವಿರುವ ಹಗಲಲ್ಲೇ ಬಳಸುವುದು ಒಳ್ಳೆಯದು.

ಕೊಳ್ಳುವಾಗ, ಬಳಸುವಾಗ

• ತಿರುಗಿಸುವ ಗುಂಡಿಯ ಮಾದರಿ ಕರೆಂಟ್ ಬಂದೊಡನೆ ತಾನೇ ಮತ್ತೆ ಬಿಸಿಯಾಗುತ್ತದೆ, ನಡುವೆ ನಿಂತಿದ್ದು ಗೊತ್ತೇ ಆಗದು.
• ಪಾತ್ರೆ ಅರ್ಧಕ್ಕಿಂತ ಕಡಿಮೆ ಬೇಡ, ಮೂರರಲ್ಲಿ ಎರಡು ಭಾಗಕ್ಕಿಂತ ಹೆಚ್ಚೂ ಬೇಡ.
• ಫ್ರೀಜರ್‌ನ ಮಾಂಸವನ್ನು ಫ್ರಿಜ್‌ನಲ್ಲಿಟ್ಟು ಪೂರ್ತಿ ಕರಗಿಸಿಯೇ ಹಾಕಿ.
• ಮುಚ್ಚಳ ಪದೇ ಪದೇ ತೆಗೆಯಬೇಡಿ.
• ‘ವಾರ್ಮ್’ ಗುಂಡಿ ಬೆಂದ ಅಡುಗೆಯನ್ನು ಬಿಸಿಯಾಗಿಡಲು ಮಾತ್ರ, ಬೇಯಿಸಲು ಅಲ್ಲ.
• ಉಳಿದ ಸಾರನ್ನು ಇದರಲ್ಲಿ ಬಿಸಿ ಮಾಡಬೇಡಿ, ಒಲೆಯ ಮೇಲೆ ಕುದಿಸಿ.

ಆ ಸಲಹೆ ನಿಮ್ಮ ಮನೆಯ ಗ್ರೂಪ್‌ಗೂ ಬಂದಿದ್ದರೆ, ಮುಂದೆ ಕಳಿಸುವ ಮುನ್ನ ಒಂದು ಸಾಲು ಸೇರಿಸಿ: ರಾಜ್ಮಾ ಮೊದಲು ಕುದಿಸಿ.