ಹಳೆಯ ಮನೆ, ಹಳೆಯ ಕುರ್ಚಿ

ಮುಂಬಯಿಯ ಮರೀನ್ ಡ್ರೈವ್ ಹಾಗೂ ಓವಲ್ ಮೈದಾನದ ಅಂಚಿನಲ್ಲಿ 1930ರ ದಶಕದಿಂದ ಎದ್ದು ನಿಂತ ಆರ್ಟ್ ಡೆಕೊ ಕಟ್ಟಡಗಳನ್ನು ಟಿಫಿನ್ ಮುಟ್ಟಿಸಲೋ ಕಚೇರಿಯ ಕಾಗದ ಒಯ್ಯಲೋ ಹೋಗಿ ನೋಡದವರು ನಮ್ಮ ವಾಚಕರಲ್ಲಿ ವಿರಳ. ದುಂಡಗೆ ತಿರುಗಿದ ಬಾಲ್ಕನಿ, ಕಿಟಕಿಯ ಮೇಲೆ ಹುಬ್ಬಿನಂತೆ ಚಾಚಿದ ಛಜ್ಜ ಇವುಗಳ ಲಕ್ಷಣ. 2018ರಲ್ಲಿ ಯುನೆಸ್ಕೊ ಇವನ್ನು ನೆರೆಯ ವಿಕ್ಟೋರಿಯನ್ ಕಟ್ಟಡಗಳೊಡನೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಂಥ ಮನೆಯನ್ನು ಸಜ್ಜುಗೊಳಿಸುವುದೆಂತು? ಎಲ್ಲವನ್ನೂ ಒಂದೇ ಅಂಗಡಿಯಿಂದ ತಂದರೆ ಮನೆಯೂ ಅಂಗಡಿಯಂತೆಯೇ ಕಾಣುತ್ತದೆ. ಮನೆಯ ವಯಸ್ಸಿಗೊಪ್ಪುವ ತೇಗದ ಕಪಾಟು, ಕಾಲಪರೀಕ್ಷೆಯಲ್ಲಿ ಗೆದ್ದ ಒಂದೆರಡು ಕುರ್ಚಿ, ಗೋಡೆಗೊಂದು ಚಿತ್ರ, ಹಿರಿಯರಿಂದ ಬಂದ ಒಂದು ವಸ್ತು, ಇಷ್ಟಿದ್ದರೆ ಸಾಕು. ಚಿತ್ರವೆಂದರೆ ಲಕ್ಷ ರೂಪಾಯಿಯದೇ ಆಗಬೇಕೆಂದಿಲ್ಲ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ತೆರೆದ ಮುದ್ರಣಾಲಯದಿಂದ ಹೊರಟ ಲಕ್ಷ್ಮೀ, ಸರಸ್ವತಿಯರ ಪಟಗಳು ಬಡವರ ಗೋಡೆಗಳನ್ನೂ ಬೆಳಗಿದವು.

ಕುರ್ಚಿಯ ಮಾತಿಗೆ ಬಂದರೆ, ಇರಾನಿ ಹೋಟೆಲುಗಳಲ್ಲಿ ಕಾಣುವ ಬಾಗಿದ ಮರದ ಕುರ್ಚಿಗಳ ಮೂಲಪುರುಷ ಮೈಕೇಲ್ ಥೋನೆಟ್. ಬೀಚ್ ಮರವನ್ನು ಹಬೆಯಲ್ಲಿ ಬೇಯಿಸಿ ಬಗ್ಗಿಸುವ ವಿದ್ಯೆಯಿಂದ 1859ರಲ್ಲಿ ಆತನು ರೂಪಿಸಿದ 14ನೆಯ ನಮೂನೆಯ ಕುರ್ಚಿಗೆ ಬೇಕಾದುದು ಮರದ 6 ತುಂಡು, 10 ತಿರುಪು, 2 ನಟ್ಟು, ಅಷ್ಟೆ. ಬಿಡಿಬಿಡಿಯಾಗಿ ಜೋಡಿಸಿದರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಯುತ್ತಿದ್ದವು. ಪ್ರಪಂಚದ ಕಾಫಿ ಅಂಗಡಿಗಳಿಗೆಲ್ಲ ಅದು ಹರಡಿದ ಗುಟ್ಟು ಇದೇ.

ನಾವು ಹೋಟೆಲು ನಡೆಸುತ್ತಿದ್ದಾಗ ಹಿಂದಿನ ಮಾಲಿಕರಿಂದ ಬಂದ ಇಂಥ ಹದಿನೆಂಟು ಕುರ್ಚಿಗಳಿದ್ದವು. ಪ್ಲಾಸ್ಟಿಕ್ ಕುರ್ಚಿಯ ಮೋಹಕ್ಕೆ ಸಿಲುಕಿ ಅವನ್ನು ಸೌದೆಯ ಬೆಲೆಗೆ ಮಾರಿದೆವು. ಹರಿದದ್ದು ಬೆತ್ತ ಮಾತ್ರ. ಮರಕ್ಕೆ ಏನೂ ಆಗಿರಲಿಲ್ಲ. ಬೆತ್ತ ಹೆಣೆಯುವವನನ್ನು ಒಮ್ಮೆ ಕರೆಸಿ ಕೇಳುವಷ್ಟು ವಿವೇಕವೂ ನಮಗಿರಲಿಲ್ಲವೆಂದು ಇಂದು ನಾಚುತ್ತೇವೆ.

ಇದು ನಮ್ಮೊಬ್ಬರ ತಪ್ಪಲ್ಲ. 1950ರ ದಶಕದಲ್ಲಿ ಚಂಡೀಗಢವನ್ನು ಕಟ್ಟುವಾಗ ಲೆ ಕಾರ್ಬುಸಿಯೇ ಅವರ ಬಂಧು ಪಿಯರ್ ಜಾನ್ನರೆ ಅವರು ಸರಕಾರಿ ಕಚೇರಿಗಳಿಗಾಗಿ ತೇಗ, ಬೆತ್ತಗಳ ಕುರ್ಚಿಗಳನ್ನು ರೂಪಿಸಿದರು. ಗುಮಾಸ್ತರು ದಿನವಿಡೀ ಕುಳಿತ ಆ ಕುರ್ಚಿಗಳು ಹಳತಾದಾಗ ಗುಜರಿಯಾಗಿ ಹರಾಜಾದವು. ಅವನ್ನೇ ದುರಸ್ತಿಗೊಳಿಸಿ ಪರದೇಶದಲ್ಲಿ ಲಕ್ಷಗಟ್ಟಲೆ ರೂಪಾಯಿಗೆ ಮಾರಿದರು. 2011ರಲ್ಲಿ ಕೇಂದ್ರ ಸರಕಾರವು ತಡೆಯೊಡ್ಡುವಷ್ಟರಲ್ಲಿ ಎಷ್ಟೋ ಕುರ್ಚಿಗಳು ಕಡಲು ದಾಟಿದ್ದವು.

ಮರೀನ್ ಡ್ರೈವಿನ ಮನೆ ನಮ್ಮ ಬಂಧುಗಳಿಗೆ ದಕ್ಕದಿರಬಹುದು. ಆದರೆ ಚಾಳಿನ ಖೋಲಿಯಲ್ಲಿ ಅಜ್ಜಿಯ ಅಡಕತ್ತರಿಗೆ, ಊರಿನಿಂದ ತಂದ ಕಾಲುದೀಪಕ್ಕೆ ಒಂದು ಗೇಣು ಜಾಗ ಸಿಕ್ಕೀತು. ಹಬ್ಬಕ್ಕೆ ಊರಿಗೆ ಹೋದಾಗ ಅಟ್ಟದ ಮೇಲಿನ ತಾಮ್ರದ ಹಂಡೆಯನ್ನು ತೂಕಕ್ಕೆ ಹಾಕುವ ಮುನ್ನ ಒಮ್ಮೆ ಹುಣಸೆಹಣ್ಣಿನಿಂದ ಉಜ್ಜಿ ನೋಡಿರಿ. ಅದು ಯಾರದು, ಯಾರ ಕಾಲಕ್ಕೆ ಬಂದುದು ಎಂಬುದನ್ನು ಹಿರಿಯರಿಂದ ಕೇಳಿ ಒಂದು ಚೀಟಿಯಲ್ಲಿ ಬರೆದಿಡಿರಿ. ಕತೆ ಮರೆತುಹೋದರೆ ಉಳಿಯುವುದು ತಾಮ್ರದ ತೂಕ ಮಾತ್ರ.