ಬೀಗರ ಊರಿನ ದಾರಿಯಲ್ಲಿ ಮಗಳ ಓದು ಕಳೆದುಹೋಗದಿರಲಿ

ವೈಶಾಖ, ಜ್ಯೇಷ್ಠ ಮಾಸಗಳು ನಮ್ಮ ಮನೆಗಳಲ್ಲಿ ಮದುವೆಯ ಸಂಭ್ರಮದ ದಿನಗಳು. ಕಾಲೇಜುಗಳಲ್ಲಿ ಅವೇ ದಿನಗಳು ಪರೀಕ್ಷೆ, ಫಲಿತಾಂಶ ಮತ್ತು ಪ್ರವೇಶದ ಸಿದ್ಧತೆಗಳಿಂದ ತುಂಬಿರುತ್ತವೆ. ಪದವಿಯ ಮೊದಲನೆಯ ಅಥವಾ ಎರಡನೆಯ ವರ್ಷದಲ್ಲಿರುವ ಹೆಣ್ಣುಮಗಳ ಲಗ್ನ ಗೊತ್ತಾದಾಗ, ನಿಶ್ಚಿತಾರ್ಥದ ಮಾತುಕತೆಯಲ್ಲಿ ಅವಳ ಓದಿನ ವಿಷಯ ಬಂದೇ ಬರುತ್ತದೆ. “ಓದನ್ನು ಬಿಡಿಸುವುದಿಲ್ಲ, ನಮ್ಮ ಊರಿನ ಕಾಲೇಜಿಗೇ ಸೇರಿಸುತ್ತೇವೆ” ಎಂದು ಬೀಗರು ಮನಃಪೂರ್ವಕವಾಗಿ ಹೇಳುತ್ತಾರೆ. ಹೆಣ್ಣಿನ ತಂದೆತಾಯಿಗಳು ಸಮಾಧಾನದ ಉಸಿರು ಬಿಡುತ್ತಾರೆ. ಮಾತು ಕೊಟ್ಟವರಲ್ಲಿ ಕಪಟವಿಲ್ಲ, ನಂಬಿದವರಲ್ಲಿ ತಪ್ಪಿಲ್ಲ. ಆದರೂ ಮುಂದಿನ ವರ್ಷ ಆ ಹೆಣ್ಣುಮಗಳು ಪುಸ್ತಕ ಮುಚ್ಚಿಟ್ಟು ಮನೆಯಲ್ಲಿ ಕುಳಿತಿರುವುದನ್ನು ನಾವು ಎಷ್ಟೋ ಕುಟುಂಬಗಳಲ್ಲಿ ಕಾಣುತ್ತೇವೆ.

ಇದಕ್ಕೆ ಅತ್ತೆಮನೆಯವರ ಮನಸ್ಸು ಬದಲಾದದ್ದೇ ಕಾರಣವೆಂದು ಭಾವಿಸುವುದು ಸುಲಭ. ಆದರೆ ಅನೇಕ ಸಂದರ್ಭಗಳಲ್ಲಿ ನಿಜವಾದ ಕಾರಣ ಬೇರೆ. ಮಗಳು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವುದರ ಜೊತೆಗೇ ಒಂದು ವಿಶ್ವವಿದ್ಯಾಲಯದ ವ್ಯಾಪ್ತಿಯಿಂದ ಇನ್ನೊಂದರ ವ್ಯಾಪ್ತಿಗೂ ಹೋಗಿರುತ್ತಾಳೆ. ಮೊದಲನೆಯ ಪ್ರಯಾಣಕ್ಕೆ ನಾವು ಆರು ತಿಂಗಳು ಸಿದ್ಧತೆ ಮಾಡುತ್ತೇವೆ. ಎರಡನೆಯದರ ಅರಿವೇ ನಮಗಿರುವುದಿಲ್ಲ.

ಗಡಿಗಳು ಹೆಚ್ಚಿದ ನಾಡು

ಒಂದು ಕಾಲಕ್ಕೆ ಈ ತೊಡಕು ಇಷ್ಟಿರಲಿಲ್ಲ. 1956ರಲ್ಲಿ ಕನ್ನಡ ನಾಡು ಒಂದಾದಾಗ ನಮಗಿದ್ದವು ಎರಡೇ ವಿಶ್ವವಿದ್ಯಾಲಯಗಳು: 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾಲಯ ಮತ್ತು 1949ರಲ್ಲಿ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯ. 1964ರಲ್ಲಿ ಬೆಂಗಳೂರು, 1980ರಲ್ಲಿ ಗುಲಬರ್ಗಾ ಮತ್ತು ಮಂಗಳೂರು, 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯಗಳು ಬಂದವು. ವಿಜಯಪುರದಲ್ಲಿ 2003ರಲ್ಲಿ ಮಹಿಳಾ ವಿಶ್ವವಿದ್ಯಾಲಯ ಆರಂಭವಾಗಿ, ಮುಂದೆ ಅದಕ್ಕೆ ಅಕ್ಕಮಹಾದೇವಿಯ ಹೆಸರಿಡಲಾಯಿತು. 2004ರಲ್ಲಿ ತುಮಕೂರು, 2009ರಲ್ಲಿ ದಾವಣಗೆರೆ, 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ಮತ್ತು ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯಗಳು ಕಾರ್ಯಾರಂಭ ಮಾಡಿದವು. 2023ರಲ್ಲಿ ಹಾವೇರಿ, ಬೀದರ, ಕೊಪ್ಪಳ ಮೊದಲಾದ ಜಿಲ್ಲೆಗಳಿಗೂ ಪ್ರತ್ಯೇಕ ವಿಶ್ವವಿದ್ಯಾಲಯಗಳು ದೊರೆತವು.

ಇದರಿಂದ ಉಚ್ಚ ಶಿಕ್ಷಣ ಹಳ್ಳಿಯ ಬಾಗಿಲಿಗೆ ಬಂದಿತೆಂಬುದು ನಿಜ. ಆದರೆ ಬೆಳಗಾವಿಯ ಮಗಳು ದಾವಣಗೆರೆಯ ಸೊಸೆಯಾದರೆ ಅವಳ ಪಠ್ಯಕ್ರಮವೇ ಬೇರೆಯಾಗುತ್ತದೆ. ವಿಜಯಪುರದ ಮಹಿಳಾ ಕಾಲೇಜಿನಿಂದ ಅದೇ ಊರಿನ ಸಹಶಿಕ್ಷಣದ ಕಾಲೇಜಿಗೆ ಹೋದರೂ ವಿಶ್ವವಿದ್ಯಾಲಯ ಬದಲಾಗಬಹುದು. ಇಂಜಿನಿಯರಿಂಗ್ ಓದುವವರಿಗೆ ಈ ತೊಂದರೆ ಸ್ವಲ್ಪ ಕಡಿಮೆ. 1998ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವ್ಯಾಪ್ತಿ ಇಡೀ ರಾಜ್ಯವಾದುದರಿಂದ ಅದರ ಕಾಲೇಜಿನಿಂದ ಕಾಲೇಜಿಗೆ ಹೋದರೂ ವಿಶ್ವವಿದ್ಯಾಲಯ ಒಂದೇ ಇರುತ್ತದೆ. ಆದರೆ ಅಲ್ಲಿಯೂ ಸ್ವಾಯತ್ತ ಕಾಲೇಜುಗಳ ಪಠ್ಯಕ್ರಮ ಬೇರೆ ಇರುತ್ತದೆಂಬುದನ್ನು ಮರೆಯಬಾರದು.

ಕ್ರೆಡಿಟ್ ಎಂಬ ಲೆಕ್ಕ

ಈಗಿನ ಪದವಿ ಶಿಕ್ಷಣ ನಡೆಯುವುದು ಕ್ರೆಡಿಟ್‌ಗಳ ಲೆಕ್ಕದ ಮೇಲೆ. ವಾರಕ್ಕೆ ಒಂದು ಗಂಟೆಯಂತೆ ಒಂದು ಸೆಮಿಸ್ಟರ್‌ನಲ್ಲಿ ಸುಮಾರು 15 ಗಂಟೆಗಳ ಪಾಠ ಕೇಳಿ ತೇರ್ಗಡೆಯಾದರೆ ಒಂದು ಕ್ರೆಡಿಟ್. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2022ರ ಡಿಸೆಂಬರಿನಲ್ಲಿ ಪ್ರಕಟಿಸಿದ ಚೌಕಟ್ಟಿನಂತೆ ಮೂರು ವರ್ಷಗಳ ಪದವಿಗೆ ಕನಿಷ್ಠ 120 ಕ್ರೆಡಿಟ್‌ಗಳು ಬೇಕು. ಎಂದರೆ ವರ್ಷಕ್ಕೆ ಸುಮಾರು 40.

ವಿದ್ಯಾರ್ಥಿನಿಯೊಬ್ಬಳು ಮೊದಲ ವರ್ಷ 40 ಕ್ರೆಡಿಟ್‌ಗಳನ್ನು ಪಡೆದಿದ್ದಾಳೆಂದು ಇಟ್ಟುಕೊಳ್ಳೋಣ. ಹೊಸ ವಿಶ್ವವಿದ್ಯಾಲಯವು ಅವಳ ಪಠ್ಯಕ್ರಮವನ್ನು ತನ್ನ ಪಠ್ಯಕ್ರಮದೊಡನೆ ಹೋಲಿಸಿ ನೋಡಿ 28 ಕ್ರೆಡಿಟ್‌ಗಳನ್ನು ಮಾತ್ರ ಒಪ್ಪಿದರೆ, ಉಳಿದ 12 ಕ್ರೆಡಿಟ್‌ಗಳ ವಿಷಯಗಳನ್ನು ಅವಳು ಎರಡನೆಯ ವರ್ಷದ ಪಾಠಗಳ ಜೊತೆಗೇ ಓದಿ ಪರೀಕ್ಷೆ ಬರೆಯಬೇಕಾಗುತ್ತದೆ. ಹೊಸ ಮನೆ, ಹೊಸ ಹೊಣೆ, ಹೊಸ ಕಾಲೇಜು, ಅವುಗಳ ಮೇಲೆ ಹಳೆಯ ವರ್ಷದ ಈ ಭಾರ! ಎಷ್ಟೋ ಹೆಣ್ಣುಮಕ್ಕಳ ಕಾಲು ಸೋಲುವುದು ಇಲ್ಲಿಯೇ.

ನಮ್ಮ ರಾಜ್ಯದಲ್ಲಿ ಇನ್ನೊಂದು ತೊಡಕೂ ಉಂಟು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಪದವಿ ಪಠ್ಯಕ್ರಮ ಬದಲಾಯಿತು; 2024-25ರಿಂದ ಸರ್ಕಾರವು ಮತ್ತೆ ಮೂರು ವರ್ಷಗಳ ಪದವಿಯ ಹೊಸ ಪಠ್ಯಕ್ರಮವನ್ನು ತಂದಿತು. ಆದ್ದರಿಂದ ನಡುವೆ ಓದು ಬಿಟ್ಟು ಒಂದೆರಡು ವರ್ಷಗಳ ನಂತರ ಮರಳಿ ಬರುವವರು, ತಮ್ಮದೇ ಹಳೆಯ ಕಾಲೇಜಿನಲ್ಲಿಯೂ ಬೇರೊಂದು ಪಠ್ಯಕ್ರಮವನ್ನು ಎದುರಿಸಬೇಕಾಗಬಹುದು.

ನಷ್ಟ ತರುವುದು ವಿಳಂಬ

ಇಷ್ಟೆಲ್ಲ ಇದ್ದರೂ ನಿಯಮಗಳು ದಾರಿಯನ್ನು ಪೂರ್ತಿ ಮುಚ್ಚಿಲ್ಲ. ಮುಚ್ಚುವುದು ವಿಳಂಬ. ಹಳೆಯ ಕಾಲೇಜಿನ ನಿರಾಕ್ಷೇಪಣಾ ಪತ್ರ, ಟಿ.ಸಿ., ಹಳೆಯ ವಿಶ್ವವಿದ್ಯಾಲಯದ ಮೈಗ್ರೇಶನ್ ಸರ್ಟಿಫಿಕೇಟ್, ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿ, ಇವೆಲ್ಲವುಗಳೊಡನೆ ಅರ್ಜಿ ಹೊಸ ಕಾಲೇಜಿಗೆ ಹೋಗಬೇಕು. ಅಲ್ಲಿಂದ ಅದು ವಿಶ್ವವಿದ್ಯಾಲಯಕ್ಕೆ, ಅಲ್ಲಿ ಆಯಾ ವಿಷಯದ ಅಧ್ಯಯನ ಮಂಡಳಿಯ ಅಭಿಪ್ರಾಯಕ್ಕೆ, ಮತ್ತೆ ಕುಲಸಚಿವರ ಕಚೇರಿಗೆ ಹೋಗಿ ಬರಬೇಕು. ಕಡೆಯ ಸೆಮಿಸ್ಟರ್‌ನ ಅಂಕಪಟ್ಟಿಯೇ ತಡವಾಗಿ ಕೈಸೇರಿದರೆ ಈ ಸರಪಳಿಯ ಮೊದಲ ಕೊಂಡಿಯೇ ಸಿಗುವುದಿಲ್ಲ.

ಅತ್ತ ತರಗತಿಗಳು ಯಾರಿಗೂ ಕಾಯುವುದಿಲ್ಲ. ಸಾಮಾನ್ಯವಾಗಿ ಇಂಥ ಪ್ರವೇಶ ದೊರೆಯುವುದು ಮೂರನೆಯ ಅಥವಾ ಐದನೆಯ ಸೆಮಿಸ್ಟರ್‌ನ ಆರಂಭದಲ್ಲಿ ಮಾತ್ರ. ಪರೀಕ್ಷೆಗೆ ಕೂರಲು ಶೇಕಡಾ 75ರಷ್ಟು ಹಾಜರಾತಿ ಬೇಕು. ತೀರ್ಮಾನ ಬರುವವರೆಗೆ ಮನೆಯಲ್ಲಿ ಕುಳಿತರೆ ಹಾಜರಾತಿ ಹೋಯಿತು. “ಎಲ್ಲ ಆಗುತ್ತದೆ, ಬಂದು ಕೂತುಕೊಳ್ಳಿ” ಎಂಬ ಬಾಯಿಮಾತನ್ನು ನಂಬಿ ತರಗತಿಗೆ ಹೋದರೆ, ಮೂರು ತಿಂಗಳ ನಂತರ ಅರ್ಜಿ ತಿರಸ್ಕೃತವಾಗಿ ಇತ್ತ ಹೊಸ ಕಾಲೇಜೂ ಇಲ್ಲ, ಅತ್ತ ಹಳೆಯ ಕಾಲೇಜೂ ಇಲ್ಲ ಎಂಬ ಸ್ಥಿತಿ ಒದಗಬಹುದು.

ಹಣದ ನಷ್ಟವೂ ವಿಳಂಬದ ಜೊತೆಗೇ ಬೆಳೆಯುತ್ತದೆ. ಧನಸಹಾಯ ಆಯೋಗವು 2018ರ ಅಕ್ಟೋಬರಿನಲ್ಲಿ ಹೊರಡಿಸಿದ ಅಧಿಸೂಚನೆಯಂತೆ, ಪ್ರವೇಶದ ಕೊನೆಯ ದಿನಾಂಕಕ್ಕೆ 15 ದಿನ ಮೊದಲೇ ಪ್ರವೇಶ ಹಿಂತೆಗೆದುಕೊಂಡರೆ ಶುಲ್ಕ ಬಹುತೇಕ ಪೂರ್ಣವಾಗಿ ಮರಳಬೇಕು. ಕೊನೆಯ ದಿನಾಂಕ ಕಳೆದು 15 ದಿನಗಳೊಳಗಾದರೆ ಶೇಕಡಾ 80, 30 ದಿನಗಳೊಳಗಾದರೆ ಶೇಕಡಾ 50, ಆ ಬಳಿಕ ಏನೂ ಇಲ್ಲ. ವಿದ್ಯಾರ್ಥಿಗಳ ಮೂಲ ಪ್ರಮಾಣಪತ್ರಗಳನ್ನು ಸಂಸ್ಥೆಗಳು ತಮ್ಮಲ್ಲಿ ತಡೆಹಿಡಿಯಬಾರದೆಂದೂ ಅದೇ ಅಧಿಸೂಚನೆ ಹೇಳಿತು.

ಮನೆಯವರು ಮಾಡಬೇಕಾದುದು

ಮೊದಲು ಕೇಳುವುದು, ಆಮೇಲೆ ಬಿಡುವುದು. ಈ ಒಂದು ಕ್ರಮವನ್ನು ಪಾಲಿಸಿದರೆ ಅರ್ಧ ಕಷ್ಟ ತಪ್ಪುತ್ತದೆ. ಹೊಸ ವಿಶ್ವವಿದ್ಯಾಲಯವು ಯಾವ ವಿಷಯಗಳನ್ನು ಸಮಾನವೆಂದು ಒಪ್ಪುತ್ತದೆ, ಎಷ್ಟು ಕ್ರೆಡಿಟ್‌ಗಳು ಕಡಿಮೆ ಬೀಳುತ್ತವೆ, ಅವನ್ನು ಯಾವ ಸೆಮಿಸ್ಟರ್‌ನೊಳಗೆ ಮುಗಿಸಬೇಕು ಎಂಬುದು ಬರಹದಲ್ಲಿ ಕೈಗೆ ಬರುವವರೆಗೆ ಹಳೆಯ ಕಾಲೇಜಿನಿಂದ ಟಿ.ಸಿ. ಪಡೆಯಬಾರದು. ಅರ್ಜಿಯೊಡನೆ ಅಂಕಪಟ್ಟಿ ಮಾತ್ರವಲ್ಲದೆ, ಪ್ರಾಂಶುಪಾಲರ ಸಹಿ ಮತ್ತು ಮೊಹರಿನೊಂದಿಗೆ ಪಠ್ಯಕ್ರಮದ ಪ್ರತಿಯನ್ನೂ ಕೊಡಬೇಕು; ಅಧ್ಯಯನ ಮಂಡಳಿ ಹೋಲಿಸಿ ನೋಡುವುದು ಅದನ್ನೇ. ಅರ್ಜಿ ಕೊಟ್ಟ ದಿನವೇ ಸ್ವೀಕೃತಿ ಪಡೆದು ದಿನಾಂಕ ಬರೆದಿಟ್ಟುಕೊಳ್ಳಬೇಕು. 2012ರಿಂದ ಜಾರಿಗೆ ಬಂದ ಸಕಾಲ ಸೇವೆಯ ಪಟ್ಟಿಯಲ್ಲಿ ನಮಗೆ ಬೇಕಾದ ಪತ್ರ ಇದೆಯೇ ಎಂದು ವಿಚಾರಿಸಿದರೆ, ಇಷ್ಟು ದಿನಗಳಲ್ಲಿ ಕೊಡಬೇಕೆಂಬ ಕಾಲಮಿತಿಯೂ ತಿಳಿಯುತ್ತದೆ.

2021ರಲ್ಲಿ ಆರಂಭವಾದ ‘ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್’ ವ್ಯವಸ್ಥೆಯಲ್ಲಿ ವಿದ್ಯಾರ್ಥಿ ಗಳಿಸಿದ ಕ್ರೆಡಿಟ್‌ಗಳು ಅವರ ಹೆಸರಿನ ಖಾತೆಯಲ್ಲಿ ಜಮೆಯಾಗುತ್ತವೆ. ಡಿಜಿಲಾಕರ್ ಮೂಲಕ ಖಾತೆ ತೆರೆದು, ಕಾಲೇಜು ತನ್ನ ಕ್ರೆಡಿಟ್‌ಗಳನ್ನು ಅಲ್ಲಿ ಸೇರಿಸಿದೆಯೇ ಎಂದು ಊರು ಬಿಡುವ ಮೊದಲೇ ನೋಡಿಕೊಳ್ಳಬೇಕು. ಆ ನಿಯಮಾವಳಿಯಂತೆ ಕ್ರೆಡಿಟ್‌ಗಳಿಗೆ ಗರಿಷ್ಠ ಏಳು ವರ್ಷಗಳ ಆಯುಷ್ಯವಿದೆ. ಮಗುವಿನ ಲಾಲನೆಗಾಗಿ ಎರಡು ವರ್ಷ ಓದು ನಿಲ್ಲಿಸಿದ ತಾಯಿಗೆ ಇದು ದೊಡ್ಡ ಆಸರೆ. ಆದರೆ ಖಾತೆಯಲ್ಲಿ ಜಮೆಯಾದ ಮಾತ್ರಕ್ಕೆ ಹೊಸ ವಿಶ್ವವಿದ್ಯಾಲಯ ಎಲ್ಲವನ್ನೂ ಒಪ್ಪಲೇಬೇಕೆಂದಿಲ್ಲ. ಬರಹದ ತೀರ್ಮಾನ ಆಗಲೂ ಬೇಕೇ ಬೇಕು.

ಪದವಿಗೆ ಒಂದೇ ವರ್ಷ ಉಳಿದಿದ್ದರೆ ಬದಲಾವಣೆಯ ಗೋಜಿಗೇ ಹೋಗದಿರುವುದು ಲೇಸು. ಮದುವೆಯನ್ನು ಪರೀಕ್ಷೆ ಮುಗಿಯುವವರೆಗೆ ಮುಂದೂಡಬಹುದು. ಇಲ್ಲವೇ ಸೊಸೆ ಆ ಒಂದು ವರ್ಷ ತವರಿನಲ್ಲಿಯೋ ವಿದ್ಯಾರ್ಥಿನಿಲಯದಲ್ಲಿಯೋ ಇದ್ದು ಓದು ಮುಗಿಸುವುದಕ್ಕೆ ಬೀಗರು ಒಪ್ಪಬಹುದು. ಅದರಿಂದ ಯಾರ ಮಾನವೂ ಕುಗ್ಗದು. ನಿತ್ಯ ಕಾಲೇಜಿಗೆ ಹೋಗಲಾಗದವರಿಗೆ ಮುಕ್ತ ವಿಶ್ವವಿದ್ಯಾಲಯಗಳ ದಾರಿ ಇದೆ. ಅಲ್ಲಿಯೂ ಆ ವರ್ಷದ ಮಾನ್ಯತೆಯನ್ನು ನೋಡಿಯೇ ಸೇರಬೇಕು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಮಾನ್ಯತೆ ಕೆಲವು ವರ್ಷ ಇಲ್ಲವಾಗಿ, 2018ರಲ್ಲಿ ಮರಳಿ ದೊರೆಯುವವರೆಗೆ ಸಾವಿರಾರು ವಿದ್ಯಾರ್ಥಿಗಳು ಪಟ್ಟ ಪಾಡು ನಾಡಿಗೆ ತಿಳಿದದ್ದೇ. ಆ ವಿಶ್ವವಿದ್ಯಾಲಯ ಈಗ ಮಾನ್ಯತೆಯೊಡನೆ ನಡೆಯುತ್ತಿದ್ದರೂ ಪಾಠವನ್ನು ಮರೆಯಬಾರದು.

ಮಾತು ಹೆಣ್ಣುಮಕ್ಕಳದ್ದಾದರೂ, ತಂದೆಯ ನೌಕರಿಯ ವರ್ಗಾವಣೆಯಿಂದಲೋ, ಕಾಯಿಲೆಯಿಂದಲೋ, ಆರಿಸಿದ ವಿಷಯ ಒಗ್ಗದೆಯೋ ಕಾಲೇಜು ಬದಲಿಸುವ ಗಂಡುಮಕ್ಕಳಿಗೂ ಇದು ಅನ್ವಯಿಸುತ್ತದೆ. ಅಂಥವರನ್ನು “ಒಂದು ವರ್ಷ ಹಾಳು ಮಾಡಿದ” ಎಂದು ನಾಲ್ಕು ಜನರೆದುರು ಹಂಗಿಸುವುದನ್ನು ಹಿರಿಯರು ಬಿಡಬೇಕು. ವರ್ಷ ತಡವಾಗಿ ಬಂದ ಪದವಿಯೂ ಪದವಿಯೇ.

ನಮ್ಮ ಸಂಸ್ಥೆಗಳ ಹೊಣೆ

ನಮ್ಮ ಮಠಗಳು ಮತ್ತು ವಿದ್ಯಾಸಂಸ್ಥೆಗಳು ಒಂದು ಶತಮಾನಕ್ಕೂ ಮಿಗಿಲಾಗಿ ಈ ನಾಡಿಗೆ ಅಕ್ಷರ ದಾಸೋಹ ಮಾಡಿವೆ. ವಿಜಯಪುರದಲ್ಲಿ 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯೂ ಬೆಳಗಾವಿಯಲ್ಲಿ 1916ರಲ್ಲಿ ಕೆ.ಎಲ್.ಇ. ಸಂಸ್ಥೆಯೂ ಹುಟ್ಟಿದಾಗ, ಓದಲು ಊರು ಬಿಟ್ಟು ದೂರ ಹೋಗಬೇಕಾಗಿದ್ದ ಮಕ್ಕಳ ಕಷ್ಟವನ್ನು ಹಿರಿಯರು ಕಣ್ಣಾರೆ ಕಂಡಿದ್ದರು. ಇಂದಿನ ಕಷ್ಟದ ರೂಪ ಬದಲಾಗಿದೆ. ಕಾಲೇಜು ಹತ್ತಿರವಿದೆ, ಕಾಗದ ದೂರವಿದೆ.

ಆದ್ದರಿಂದ ನಮ್ಮ ಸಮಾಜದ ಪ್ರತಿ ಕಾಲೇಜಿನಲ್ಲಿಯೂ ಇಂಥ ಅರ್ಜಿಗಳನ್ನು ನೋಡಿಕೊಳ್ಳಲು ಒಬ್ಬ ಉಪನ್ಯಾಸಕರನ್ನು ನೇಮಿಸಬೇಕೆಂದು ನಾವು ಕೋರುತ್ತೇವೆ. ಬಂದ ಅರ್ಜಿ ಎರಡು ವಾರಗಳೊಳಗೆ ವಿಶ್ವವಿದ್ಯಾಲಯದ ಮೇಜನ್ನು ಮುಟ್ಟಬೇಕು. ಕಡಿಮೆ ಬಿದ್ದ ವಿಷಯಗಳಿಗೆ ಸಂಜೆಯಲ್ಲೋ ರವಿವಾರವೋ ಪಾಠ ಏರ್ಪಡಿಸಬೇಕು. ಆಗದ ಕೆಲಸವನ್ನು “ಆಗುತ್ತದೆ” ಎನ್ನದೆ, ಆಗದೆಂದು ಮೊದಲ ದಿನವೇ ತಿಳಿಸಬೇಕು. ಹೊತ್ತಿಗೆ ಸರಿಯಾಗಿ ಹೇಳಿದ ‘ಇಲ್ಲ’ವು ಒಂದು ವರ್ಷವನ್ನು ಉಳಿಸುತ್ತದೆ, ಹೊತ್ತು ಮೀರಿ ಬಂದ ‘ಹೌದು’ ಕೆಲವೊಮ್ಮೆ ಯಾವ ಉಪಯೋಗಕ್ಕೂ ಬಾರದು. ಕಡತವನ್ನು ತಡಮಾಡದೆ ಮುಂದಕ್ಕೆ ಕಳಿಸುವ ಗುಮಾಸ್ತನದೂ ಕಾಯಕವೇ. ಶರಣರು ಕಾಯಕದಲ್ಲಿ ಮೇಲು ಕೀಳನ್ನು ಎಣಿಸಲಿಲ್ಲ.

ಹನ್ನೆರಡನೆಯ ಶತಮಾನದ ಅನುಭವ ಮಂಟಪದಲ್ಲಿ ಅಕ್ಕಮಹಾದೇವಿಯಂಥ ಶರಣೆಯರು ಹಿರಿಯರಿಗೆ ಸರಿಸಮನಾಗಿ ಕುಳಿತು ಜ್ಞಾನದ ಮಾತನಾಡಿದ ಪರಂಪರೆ ನಮ್ಮದು. ಆ ಪರಂಪರೆಯ ಮಗಳೊಬ್ಬಳ ಓದು ಒಂದು ಕಾಗದದ ತಡಕ್ಕಾಗಿ ಅರ್ಧಕ್ಕೆ ನಿಲ್ಲಬಾರದು. ಮುಂದಿನ ಸಲ ಮನೆಯಲ್ಲಿ ನಿಶ್ಚಿತಾರ್ಥದ ಮಾತು ನಡೆಯುವಾಗ ಬಟ್ಟೆ, ಬಂಗಾರ, ಕಲ್ಯಾಣ ಮಂಟಪಗಳ ಜೊತೆಗೆ ಒಂದು ಪ್ರಶ್ನೆಯನ್ನೂ ಸೇರಿಸೋಣ: ಮಗಳ ಕ್ರೆಡಿಟ್‌ಗಳನ್ನು ಯಾವ ವಿಶ್ವವಿದ್ಯಾಲಯ, ಎಷ್ಟು, ಯಾವ ದಿನಾಂಕದೊಳಗೆ ಒಪ್ಪುತ್ತದೆ? ಅದಕ್ಕೆ ಬರಹದ ಉತ್ತರ ದೊರೆತ ಮೇಲೆಯೇ ಟಿ.ಸಿ.ಗೆ ಅರ್ಜಿ ಹಾಕೋಣ.